ಜುಮ್ಮೆನ್ನುವ ಹಲ್ಲಿಗೆ ಗೊಬ್ಬಳಿ ಚಕ್ಕೆಯ ಪುಡಿ

ಹಲ್ಲು ಜುಮ್ಮೆನ್ನುತ್ತದೆ ಎಂದು ಬಂದವರನ್ನು ನಾನು ಮೊದಲು ಕೇಳುವುದು, ಇಷ್ಟು ದಿನ ಏನು ಹಾಕಿ ಉಜ್ಜುತ್ತಿದ್ದಿರಿ ಎಂದು. ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಇದ್ದಿಲು, ಉಪ್ಪು, ಇಲ್ಲವೇ ಭತ್ತದ ಹೊಟ್ಟು ಸುಟ್ಟ ಬೂದಿ ಎನ್ನುವವರು ಈಗಲೂ ಇದ್ದಾರೆ. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನದೇ ಜಾತಿ. ಹಲ್ಲು ಬೆಳ್ಳಗಾಗುವುದು ನಿಜ, ಪಾತ್ರೆ ಬೆಳಗಿದ ಹಾಗೆ. ಆದರೆ ವಸಡು ಇಳಿದು ಬೇರು ಬಯಲಾದ ಕಡೆ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಇರುವುದಿಲ್ಲ. ಅಲ್ಲಿ ಹಲ್ಲಿನ ಒಳಪದರವಾದ ಡೆಂಟಿನ್ ಸವೆದು ಅದರೊಳಗಿನ ಸೂಕ್ಷ್ಮ ಕೊಳವೆಗಳ ಬಾಯಿ ತೆರೆದುಕೊಳ್ಳುತ್ತದೆ. ತಣ್ಣೀರಾಗಲಿ, ಹುಣಸೆಹುಳಿಯಾಗಲಿ, ಕಬ್ಬಿನ ಹಾಲಾಗಲಿ ತಾಗಿದರೆ ಕೊಳವೆಯೊಳಗಿನ ದ್ರವ ಅಲ್ಲಾಡಿ ನರಕ್ಕೆ ಮುಟ್ಟುತ್ತದೆ. ಆಯುರ್ವೇದ ಇದನ್ನು ದಂತಹರ್ಷ ಎನ್ನುತ್ತದೆ.

ನನ್ನ ಪುಡಿಗೆ ಬೇಕಾದದ್ದು ಮೂರೇ: ಒಣಗಿದ ಗೊಬ್ಬಳಿ ಚಕ್ಕೆ (ಮರದ ತೊಗಟೆ) 50 ಗ್ರಾಂ, ಬೀಜ ತೆಗೆದ ಅಳಲೆಕಾಯಿ ಸಿಪ್ಪೆ 20 ಗ್ರಾಂ, ಲವಂಗ 5 ಗ್ರಾಂ. ತ್ರಿಫಲವನ್ನೇ ಹಾಕಬಹುದಲ್ಲ ಎನ್ನುತ್ತಾರೆ. ಅದರಲ್ಲಿ ನೆಲ್ಲಿಕಾಯಿ ಇದೆ, ಹುಳಿ. ಬಯಲಾದ ಡೆಂಟಿನ್‌ಗೆ ಹುಳಿ ಬೇಡ. ಉಪ್ಪನ್ನೂ ಬಿಟ್ಟಿದ್ದೇನೆ. ಗಟ್ಟಿ ಉಪ್ಪುನೀರು ಕೊಳವೆಯ ದ್ರವವನ್ನು ಹೊರಗೆಳೆದು ಅದೇ ನೋವು ತರುತ್ತದೆ.

ಗೊಬ್ಬಳಿ ಎಂದರೆ ಕರಿಜಾಲಿ. ಕೆರೆಯಂಗಳದಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯನ್ನು ಕಡಿದು ತಂದು ಮೋಸಹೋಗುವವರು ಬಹಳ. ಕರಿಜಾಲಿಯ ಹೂ ಹಳದಿ ಗುಂಡು, ಕಾಯಿ ಮಣಿ ಪೋಣಿಸಿದಂತೆ ಬೀಜಬೀಜಕ್ಕೂ ಕಿರಿದಾಗಿರುತ್ತದೆ. ಬಳ್ಳಾರಿ ಜಾಲಿಯದು ಉದ್ದನೆಯ ತೆನೆಹೂ. ಮೈಸೂರಿನ ದೇವರಾಜ ಮಾರುಕಟ್ಟೆ ಸುತ್ತ ಗ್ರಂಥಿಗೆ ಅಂಗಡಿಯಲ್ಲಿ ಕೊಳ್ಳುವುದಾದರೆ ಪುಡಿ ಬೇಡ, ಇಡಿ ಚಕ್ಕೆಯನ್ನೇ ಕೇಳಿ. ಪುಡಿಯಲ್ಲಿ ಏನಿದೆಯೋ ಕಣ್ಣಿಗೆ ಕಾಣದು. ಲವಂಗವನ್ನು ನೀರಿಗೆ ಹಾಕಿ ನೋಡಿ: ಎಣ್ಣೆ ಇರುವುದು ಮುಳುಗುತ್ತದೆ ಅಥವಾ ನೆಟ್ಟಗೆ ನಿಲ್ಲುತ್ತದೆ, ಎಣ್ಣೆ ಹಿಂಡಿದ್ದು ಅಡ್ಡಡ್ಡ ತೇಲುತ್ತದೆ.

ಕೆಲಸ ಕೆಡುವುದು ಜರಡಿಯಲ್ಲಿ. ಮಿಕ್ಸಿಯಲ್ಲಿ ಪುಡಿ ಮಾಡಿ ಹಿಟ್ಟಿನ ಜರಡಿ ಹಿಡಿದರೆ ಸಾಲದು, ಚಕ್ಕೆಯ ನಾರು ಹಾಗೇ ಉಳಿದು ಹಲ್ಲು ಗೀರುತ್ತದೆ. ತೆಳ್ಳನೆಯ ಹಳೇ ಪಂಚೆ ಬಟ್ಟೆಯಲ್ಲಿ ಸೋಸಬೇಕು. ಎರಡು ಬೆರಳ ನಡುವೆ ಉಜ್ಜಿದರೆ ಪೌಡರಿನಂತೆ ಜಾರಬೇಕು. ಸ್ವಲ್ಪ ಗರಗರ ಎಂದರೂ ಮತ್ತೆ ಅರೆಯಿರಿ. 75 ಗ್ರಾಂ ಅರೆದರೆ ಅಷ್ಟೂ ಕೈಗೆ ಬರುವುದಿಲ್ಲ, ತರಿ ಉಳಿಯುತ್ತದೆ. ಅದನ್ನು ಎಸೆಯದೆ ಕಷಾಯಕ್ಕೆ ಇಟ್ಟುಕೊಳ್ಳಿ: 10 ಗ್ರಾಂ ತರಿಗೆ 160 ಮಿ.ಲೀ. ನೀರು, ಕಾದು 40 ಮಿ.ಲೀ.ಗೆ ಇಳಿಯಬೇಕು. ಉಗುರುಬೆಚ್ಚಗೆ ಬಾಯಿ ಮುಕ್ಕಳಿಸಿ. ಕಬ್ಬಿಣದ ಬಾಣಲೆಯಲ್ಲಿ ಕಾಯಿಸಿದರೆ ಚಕ್ಕೆಯ ಒಗರಿನ ಅಂಶವಾದ ಟ್ಯಾನಿನ್ ಕಬ್ಬಿಣಕ್ಕೆ ಸೇರಿ ಮಸಿಯಾಗುತ್ತದೆ. ಸ್ಟೀಲ್ ಪಾತ್ರೆಯೇ ಸರಿ. ಕಷಾಯ ಅಂದಂದಿಗೆ ಮಾತ್ರ.

ಪುಡಿಯನ್ನು ಬ್ರಷ್ಷಿಗೆ ಹಾಕಬೇಡಿ. ಚಿಟಿಕೆ ಪುಡಿಗೆ ನಾಲ್ಕು ಹನಿ ಎಳ್ಳೆಣ್ಣೆ ಕಲಸಿ, ಬೆರಳ ತುದಿಯಲ್ಲಿ ವಸಡಿನ ಅಂಚಿಗೆ ಹಚ್ಚಿ ಐದು ನಿಮಿಷ ಬಿಟ್ಟು ಉಗುಳಿ. ಹುಳಿ ತಿಂದ ಕೂಡಲೇ ಉಜ್ಜುವುದೂ ತಪ್ಪು, ಅರ್ಧ ಗಂಟೆ ಕಾಯಿರಿ. ಲವಂಗದೆಣ್ಣೆಯನ್ನು ನೇರ ಹಚ್ಚಿ ವಸಡು ಸುಟ್ಟುಕೊಂಡವರು ಕಡಿಮೆಯಿಲ್ಲ; ಒಂದು ಟೀ ಚಮಚ ಎಳ್ಳೆಣ್ಣೆಗೆ ಎರಡು ಹನಿ ಮೀರಬಾರದು.

ಟ್ಯಾನಿನ್ ವಸಡನ್ನು ಬಿಗಿ ಮಾಡುತ್ತದೆ, ಲವಂಗದ ಯೂಜಿನಾಲ್ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ. ಸವೆದ ಎನಾಮಲ್ ಮತ್ತೆ ಬೆಳೆಯದು. ಆದ್ದರಿಂದ ಜುಮ್ಮು ತಗ್ಗಿಸಲು ರಾತ್ರಿ ಹೊತ್ತು 5 ಶೇಕಡಾ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟನ್ನು ಬಳಸಲು ನಾನೇ ಹೇಳುತ್ತೇನೆ. ಈ ನೈಟ್ರೇಟ್ ನಮ್ಮ ಪೆಟ್ಲುಪ್ಪು, ಸೂರ್ಯಕ್ಷಾರವೇ. ಹಾಗೆಂದು ಅಂಗಡಿಯ ಪೆಟ್ಲುಪ್ಪನ್ನು ಪುಡಿಗೆ ಬೆರೆಸಬೇಡಿ, ಅದರ ಶುದ್ಧಿ ಗೊತ್ತಾಗುವುದಿಲ್ಲ. ಆ ಪೇಸ್ಟಿನ ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ.

ಪುಡಿ ಹೆಚ್ಚು ದಿನ ಹಚ್ಚಿದರೆ ಹಲ್ಲಿಗೆ ಕಂದು ಕಲೆ ಕೂರುತ್ತದೆ, ಅದನ್ನು ತೆಗೆಯಲು ಮತ್ತೆ ಇದ್ದಿಲಿಗೆ ಕೈಹಾಕುವವರಿದ್ದಾರೆ! ಮೂರು ವಾರ ಹಚ್ಚಿ ಒಂದು ವಾರ ಬಿಡಿ. ಒಂದೇ ಹಲ್ಲು ಬಿಸಿಗೂ ನೋಯುತ್ತಿದ್ದರೆ, ತಣ್ಣೀರು ನುಂಗಿದ ಮೇಲೂ ನೋವು ನಿಲ್ಲದಿದ್ದರೆ, ರಾತ್ರಿ ಮಿಡಿದು ಎಬ್ಬಿಸಿದರೆ ಈ ಪುಡಿಯ ಕೆಲಸ ಅಲ್ಲಿಲ್ಲ, ಹಲ್ಲಿನ ಡಾಕ್ಟರ ಬಳಿ ಹೋಗಬೇಕು.