ಮೋಸಿನ್ ರೈಫಲ್‌ನ ಪಿಯು ಸ್ಕೋಪ್: ಮೊದಲು ಮೌಂಟ್, ಆಮೇಲೆ ಡ್ರಮ್

ಮೋಸಿನ್-ನಗಾಂಟ್ 91/30 ರೈಫಲ್‌ಗೆ ಎರಡನೇ ಮಹಾಯುದ್ಧ ಕಾಲದ ಪಿಯು ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸುವವರು ಮೊದಲೇ ಡ್ರಮ್ (ಗುರಿ ಹೊಂದಿಸುವ ತಿರುಗಣಿ) ತಿರುಗಿಸಲು ಹೋಗಬೇಡಿ, ಸ್ಕೋಪನ್ನು ರೈಫಲ್‌ಗೆ ಹಿಡಿದಿಡುವ ಮೌಂಟ್‌ನಿಂದ ಶುರು ಮಾಡಿ. ಒಳಗೆ ಗುಂಡಿಲ್ಲ ಅಂತ ನೋಡಿಕೊಂಡು ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಹೊರಗೆ ತೆಗೆಯಿರಿ. ರೈಫಲ್ ಅಲುಗಾಡದಂತೆ ಮರಳಿನ ಚೀಲದ ಮೇಲಿಡಿ. ಎತ್ತರ ಹೊಂದಿಸುವ ಡ್ರಮ್ 1ಕ್ಕೆ (ಅಂದರೆ 100 ಮೀಟರ್), ಎಡ-ಬಲ ಹೊಂದಿಸುವ ಪಕ್ಕದ್ದು 0ಗೆ ಇರಲಿ. ಹಿಂದಿನಿಂದ ನಳಿಗೆಯೊಳಗೆ ಇಣುಕಿ, 50 ಮೀಟರ್ ದೂರದ ಗುರಿಯನ್ನು ಆ ದುಂಡನೆ ಬೆಳಕಿನ ನಟ್ಟನಡುವಿಗೆ ತನ್ನಿ. ಈಗ ಮೌಂಟ್ ಹಿಂಬದಿಯ ಎರಡು ಸ್ಕ್ರೂಗಳಲ್ಲಿ ಒಂದನ್ನು ಸಡಿಲಿಸುತ್ತಾ ಇನ್ನೊಂದನ್ನು ಬಿಗಿ ಮಾಡಿ, ಸ್ಕೋಪಿನೊಳಗೆ ಗುರಿ ಗುರುತಾಗಿ ಕಾಣುವ ಕಂಬದ ಚೂಪು ತುದಿಯನ್ನು ಅದೇ ಗುರಿಯ ಎತ್ತರಕ್ಕೆ ತನ್ನಿ. ಈ ಹಳೇ ಸ್ಕೋಪಿನಲ್ಲಿ ಡ್ರಮ್ ತಿರುಗಿಸಿದರೆ ಕಂಬವೇ ಕಣ್ಣೆದುರು ಜರುಗುತ್ತದೆ, ಈಗಿನವುಗಳ ಹಾಗೆ ನಡುವಲ್ಲೇ ನಿಲ್ಲುವುದಿಲ್ಲ. ದೊಡ್ಡ ವ್ಯತ್ಯಾಸವನ್ನೆಲ್ಲ ಡ್ರಮ್ ಮೇಲೆ ಹಾಕಿದರೆ ಕಂಬ ಮೂಲೆ ಸೇರುತ್ತದೆ, ದೂರದ ಗುರಿಗೆ ತಿರುಗಿಸಲು ಜಾಗವೇ ಉಳಿಯಲ್ಲ. 100 ಮೀಟರಿನಲ್ಲಿ ಗುಂಡು ಹಾರಿಸಿ ನೋಡುವಾಗ ಉಳಿದ ಚೂರುಪಾರಿಗೆ ಡ್ರಮ್ ಸಾಕು. ಎಡ-ಬಲದ ವ್ಯತ್ಯಾಸ ಜಾಸ್ತಿ ಇದ್ದರೆ ಆ ಸ್ಕ್ರೂಗಳಿಂದ ಆಗಲ್ಲ, ಮೌಂಟಿನ ಸಂದಿಗೆ ತೆಳು ತಗಡು ಕೊಡಬೇಕು. ಅಸಲಿ ಮೌಂಟಿಗೆ ಮಾತ್ರ ಅರ ಮುಟ್ಟಿಸಬೇಡಿ, ದಯವಿಟ್ಟು! ಮೌಂಟ್ ರೈಫಲ್‌ಗೆ ಕೂತಿರುವ ತನ್ನ ಬೇಸ್ ಮೇಲೆ ಅಲ್ಲಾಡುತ್ತಿದ್ದರೆ ಇದಿಷ್ಟೂ ಸುಮ್ನೆ ದಂಡ, ಮೊದಲು ಅದನ್ನು ಬಿಗಿ ಮಾಡಿಕೊಳ್ಳಿ.