ಲಿವರ್ ರೋಗಿಗೆ ರಾತ್ರಿ ಹತ್ತರ ಅಳ್ಳಿಟ್ಟು: ನನ್ನ ಅನುಭವ

ಕುಡಿತದಿಂದ ಲಿವರ್ ಕೆಟ್ಟವರಿಗೆ ಬ್ಯಾಳಿ ಬಂದ್, ಗಂಜಿ ಚಾಲೂ. ವಿಜಯಪುರದ ಕಡೆ ಈ ಪದ್ಧತಿ ಇನ್ನೂ ಜೋರಾಗಿದೆ. ಪ್ರೋಟೀನ್ ಕೊಟ್ಟರೆ ರೋಗಿ ಮಂಪರಿಗೆ ಹೋಗುತ್ತಾನೆಂಬ ಹೆದರಿಕೆ. ನಮ್ಮ ವಾರ್ಡಿನಲ್ಲಿ ಇದನ್ನು ತಿರುಗಿಸಿದಾಗ ಹಿರಿಯ ವೈದ್ಯರು ತಲೆ ಅಲ್ಲಾಡಿಸಿದ್ದರು. ಈಗ ಅವರೇ ಚೀಟಿಯಲ್ಲಿ ಅಳ್ಳಿಟ್ಟು, ಅಂದರೆ ಜೋಳದ ಅರಳಿನ ಹಿಟ್ಟು, ಬರೆಯುತ್ತಾರೆ.

ಕುಡಿತ ನಿಂತ ಮೇಲಿನ ಮಾತಿದು. ಕುಡಿತದಿಂದ ಕರುಳಿನ ಗೋಡೆ ಸಡಿಲಾಗಿ ಬ್ಯಾಕ್ಟೀರಿಯಾದ ವಿಷ ಲಿವರಿಗೆ ಸೋರುತ್ತದೆ; ಅದು ನಿಲ್ಲದೆ ಯಾವ ಊಟವೂ ಈ ಸೋರಿಕೆ ಮುಚ್ಚುವುದಿಲ್ಲ. ಮೈತೂಕದ ಕೆ.ಜಿ.ಗೆ ದಿನಕ್ಕೆ 35 ಕ್ಯಾಲೊರಿ, 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂಬುದು ವೈದ್ಯರಿಗೆಲ್ಲ ಗೊತ್ತು. ಲೆಕ್ಕ ತಪ್ಪುವುದು ತೂಕದಲ್ಲಿ: ಹೊಟ್ಟೆಯಲ್ಲಿ ನೀರು ತುಂಬಿದವನ ತೂಕ 65 ಇದ್ದರೂ ನೀರು ಕಳೆದ ಒಣ ತೂಕ 55ರ ಆಸುಪಾಸು ಇರುತ್ತದೆ. ತೀರಾ ಸೊರಗಿದವನಿಗೆ ಮೊದಲ ದಿನವೇ ಪೂರ್ತಿ ಊಟ ಕೊಟ್ಟರೆ ರಕ್ತದ ಫಾಸ್ಫೇಟ್ ಎಂಬ ಲವಣ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಅಂಥವನಿಗೆ ಮೊದಲು ಬಿ1 ವಿಟಮಿನ್ ಇಂಜೆಕ್ಷನ್, ಆಮೇಲೆ ಗ್ಲೂಕೋಸ್, ನಂತರ ದಿನದಿನಕ್ಕೆ ಏರಿಸಿದ ಊಟ.

ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವ ರೋಗ) ಇದ್ದವನಿಗೆ ಒಂದು ರಾತ್ರಿಯ ಉಪವಾಸವೆಂದರೆ ಆರೋಗ್ಯವಂತ ಎರಡು ಮೂರು ದಿನ ಉಪವಾಸ ಬಿದ್ದಂತೆ. ಮೈಯ ಸ್ನಾಯು ಕರಗುತ್ತದೆ, ಕರುಳಿನ ಒಳಪದರಕ್ಕೂ ಆಹಾರ ತಾಕುವುದಿಲ್ಲ. 2008ರಲ್ಲಿ ನ್ಯೂಜಿಲೆಂಡಿನವರು ರಾತ್ರಿ ಹೊತ್ತಿನ ಆಹಾರದಿಂದ ಮೈಯ ಪ್ರೋಟೀನ್ ಹೆಚ್ಚುವುದನ್ನು ತೋರಿಸಿದರು. ಅವರು ಕೊಟ್ಟದ್ದು ಡಬ್ಬಿಯ ಪಾನೀಯ. ನಮ್ಮಲ್ಲಿ ಪ್ರೋಟೀನ್ ಪುಡಿಯ ಡಬ್ಬಿಗೆ ಐದಾರು ನೂರು ರೂಪಾಯಿ. ವಾರದೊಳಗೆ ಖಾಲಿ, ಎರಡನೆಯದನ್ನು ಯಾರೂ ತರುವುದಿಲ್ಲ. ಹಾಗಾಗಿ ರಾತ್ರಿ ಹತ್ತಕ್ಕೆ ಅಳ್ಳಿಟ್ಟು ಕೊಡತೊಡಗಿದೆವು: ಜೋಳದ ಅರಳಿನ ಹಿಟ್ಟು 30 ಗ್ರಾಂ, ಪುಟಾಣಿ ಹಿಟ್ಟು 30 ಗ್ರಾಂ, ಹಾಲು 200 ಮಿ.ಲೀ., ಬೆಲ್ಲ ಒಂದು ಚಿಕ್ಕ ಹೆಂಟೆ. ಸುಮಾರು 400 ಕ್ಯಾಲೊರಿ, 15 ಗ್ರಾಂ ಪ್ರೋಟೀನ್, ಖರ್ಚು ಇಪ್ಪತ್ತು ರೂಪಾಯಿಯ ಒಳಗೆ. ಸಕ್ಕರೆ ಕಾಯಿಲೆ ಇದ್ದವರಿಗೆ ಬೆಲ್ಲ ಬೇಡ. ಹಾಲು ಉಗುರುಬೆಚ್ಚಗಿರಲಿ, ಕುದಿಯುವ ಹಾಲಿಗೆ ಹಾಕಿದರೆ ಹಿಟ್ಟು ಗಂಟು ಕಟ್ಟುತ್ತದೆ, ರೋಗಿ ಅರ್ಧ ಬಿಡುತ್ತಾನೆ.

ಹಗಲಿಗೆ ರೊಟ್ಟಿ, ಮಡಕಿಕಾಳು, ಹೆಸರುಬ್ಯಾಳಿ, ಮಜ್ಜಿಗೆ, ಜೊತೆಗೆ ಅಗಸಿ ಪುಡಿ. ನಾರು ದೊಡ್ಡಕರುಳಲ್ಲಿ ಹುದುಗಿ ಬರುವ ಬ್ಯುಟಿರೇಟ್ ಎಂಬ ಕೊಬ್ಬಿನ ಆಮ್ಲವೇ ಕರುಳಿನ ಆ ಗೋಡೆಯ ಜೀವಕೋಶಗಳ ಮುಖ್ಯ ಆಹಾರ. ಆದರೆ ಅಗಸಿ ಪುಡಿಯನ್ನು ಒಮ್ಮೆಲೇ ಎರಡು ಚಮಚ ಸುರಿದರೆ, ಮಲ ಸಡಿಲಿಸುವ ಲ್ಯಾಕ್ಟುಲೋಸ್ ಸಿರಪ್ ಬೇರೆ ನಡೆದಿರುವಾಗ, ಹೊಟ್ಟೆ ತಮಟೆಯಾಗಿ ರೋಗಿ ಊಟವನ್ನೇ ನಿಲ್ಲಿಸುತ್ತಾನೆ. ಟೀ ಚಮಚ ಒಂದರಿಂದ ಶುರು ಮಾಡಿ ವಾರಕ್ಕೊಮ್ಮೆ ಏರಿಸಬೇಕು. ಇಡಿ ಅಗಸಿ ಹಾಗೇ ಹೊರಹೋಗುತ್ತದೆ, ಕುಟ್ಟಲೇಬೇಕು. ಕುಟ್ಟಿದ್ದು ನಮ್ಮ ಬ್ಯಾಸಗಿಯಲ್ಲಿ ಬೇಗ ಕಮಟು ಹಿಡಿಯುವುದರಿಂದ ವಾರಕ್ಕಾಗುವಷ್ಟೇ ಕುಟ್ಟುತ್ತೇವೆ. ಹೊಟ್ಟೆನೀರು ಇದ್ದವರಿಗೆ ದಿನದ ಉಪ್ಪು ಐದು ಗ್ರಾಂ ದಾಟಬಾರದು, ಹಾಗಾಗಿ ಅಂಗಡಿಯ ಹಿಂಡಿ (ಚಟ್ನಿಪುಡಿ) ನಡೆಯದು. ಉಪ್ಪಿಲ್ಲದೆ ಹಿಂಡಿಗೆ ರುಚಿ ಕಟ್ಟುವ ಹದ ನಮ್ಮ ಅಡುಗೆಮನೆಯಲ್ಲೇ ಇರಲಿ.

ಮಂಪರು ಕಂಡರೆ ಬ್ಯಾಳಿ ನಿಲ್ಲಿಸಬೇಡಿ. ಮಲಬದ್ಧತೆ, ಸೋಂಕು, ಒಳಗಿನ ರಕ್ತಸ್ರಾವ ತೋರಿಸುವ ಕಪ್ಪು ಮಲ ಇದೆಯೇ ನೋಡಿ; ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲವಾಗುವಂತೆ ಲ್ಯಾಕ್ಟುಲೋಸ್ ಹೊಂದಿಸಿ. ಎಚ್ಚರ ಇಲ್ಲದವನ ಬಾಯಿಗೆ ಮಾತ್ರ ಏನೂ ಹಾಕಬಾರದು.

ಹೀಗೆ ಕಟ್ಟಿದ ಕರುಳಿನ ಗೋಡೆ ಕೆಡವುವ ಔಷಧಿಗಳೂ ಮನೆಯಲ್ಲಿ ಇರುತ್ತವೆ. ಮೊಣಕಾಲು ನೋವಿಗೆಂದು ತರುವ ಡೈಕ್ಲೋಫೆನಾಕ್ ಕರುಳನ್ನೂ ಕಿಡ್ನಿಯನ್ನೂ ಕೆಡಿಸುತ್ತದೆ. ಬದಲಿಗೆ ಪ್ಯಾರಾಸಿಟಮಾಲ್, ದಿನಕ್ಕೆ ಎರಡು ಗ್ರಾಂ ಮೀರದಂತೆ. ವೈದ್ಯರು ಹೇಳಿದ ದಿನ ಮುಗಿದರೂ ನುಂಗುತ್ತಿರುವ ಗ್ಯಾಸಿನ ಗುಳಿಗೆ ಹೊಟ್ಟೆಯ ಆಮ್ಲ ತಗ್ಗಿಸಿ ಕರುಳಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಜಾಗ ಕೊಡುತ್ತದೆ. ಹಸಿವಿಗೆಂದು ಕುಡಿಯುವ ಆಸವ, ಅರಿಷ್ಟಗಳಲ್ಲಿ ಹುದುಗಿನಿಂದಲೇ ಹುಟ್ಟಿದ ಆಲ್ಕೋಹಾಲ್ ಇರುತ್ತದೆ. ಡಿಸ್ಚಾರ್ಜ್ ದಿನ ಮನೆಯ ಔಷಧಿ ಚೀಲ ತರಿಸಿ ಒಂದೊಂದೇ ತೆಗೆದು ನೋಡುತ್ತೇವೆ.

ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾದ) ಕ್ಯಾಪ್ಸೂಲನ್ನೂ ಕೆಲವರಿಗೆ ಕೊಟ್ಟು ನೋಡಿದೆವು. ಮಜ್ಜಿಗೆಗಿಂತ ಹೆಚ್ಚಿನದೇನೂ ಕಣ್ಣಿಗೆ ಬೀಳಲಿಲ್ಲ. ಆ ದುಡ್ಡಿಗೆ ಈಗ ಹಾಲು ತರಿಸುತ್ತೇವೆ.