ಫಿಶ್ ಟ್ಯಾಂಕ್‌ಗೆ ಎಷ್ಟು ವಾಟ್ ಹೀಟರ್ ಬೇಕು? ಅಂಗಡಿಗೆ ಹೋಗೋ ಮುಂಚೆ ಲೆಕ್ಕ ಹಾಕ್ಕೊಳ್ಳಿ

ಡಿಸೆಂಬರ್ ಬಂತು ಅಂದ್ರೆ ಬೆಂಗಳೂರು, ಮೈಸೂರು ಕಡೆ ಮೀನು ಸಾಕೋರಿಗೆ ಇದೊಂದು ತಲೆನೋವು ಶುರು. ಅಂಗಡೀಲಿ ಕೇಳಿದ್ರೆ ಸ್ಟಾಕ್‌ನಲ್ಲಿ ಯಾವ್ದಿದೆಯೋ ಅದನ್ನೇ ಕೊಟ್ಟು ಕಳಿಸ್ತಾರೆ. ನಂಗೂ ಹಾಗೇ ಎರಡಡಿ ಟ್ಯಾಂಕ್‌ಗೆ 300 ವಾಟಿಂದು ಬಂತು, ದೊಡ್ಡದಾದ್ರೆ ಒಳ್ಳೇದೇ ತಾನೇ ಅಂತ ಕಣ್ಮುಚ್ಕೊಂಡು ತಗೊಂಡೆ, ಅದರ ಕಥೆ ಆಮೇಲೆ ಹೇಳ್ತೀನಿ.

ಮೊದ್ಲು ನೀರೆಷ್ಟು ಅಂತ ನೋಡಿ. ನಮ್ಮಲ್ಲಿ ಟ್ಯಾಂಕ್ ಮಾರೋದೇ ಅಡಿ ಲೆಕ್ಕದಲ್ಲಿ, ಹಾಗಾಗಿ ಉದ್ದ, ಅಗಲ, ಎತ್ತರ ಮೂರನ್ನೂ ಅಡೀಲೇ ಗುಣಿಸಿ 28ರಿಂದ ಮತ್ತೆ ಗುಣಿಸಿದ್ರೆ ಲೀಟರ್ ಸಿಗುತ್ತೆ. 2×1×1 ಅಂದ್ರೆ 56. ಆದ್ರೆ ಕೆಳಗೆ ಜಲ್ಲಿ, ಕಲ್ಲು, ಮೇಲೆ ಬಿಡೋ ಗ್ಯಾಪ್ ಎಲ್ಲ ಕಳೆದ್ರೆ ನಿಜವಾಗ್ಲೂ ಇರೋದು 45 ಲೀಟರ್ ಆಸುಪಾಸು.

ಎರಡನೇದು, ಇದನ್ನ ತುಂಬಾ ಜನ ಮರೀತಾರೆ, ರೂಮಿನ ಟೆಂಪರೇಚರ್. ಟಿವಿಯಲ್ಲಿ 14 ಡಿಗ್ರಿ ಅಂದ್ರೆ ಅದು ಹೊರಗಿನ ಕಥೆ, ನಿಮ್ಮ ಹಾಲ್‌ನಲ್ಲಿ 20 ಇರಬಹುದು. ಬೆಳಗಿನ ಜಾವ ಐದೂವರೆಗೆ ಎದ್ದು ಟ್ಯಾಂಕ್ ಪಕ್ಕ ಥರ್ಮಾಮೀಟರ್ ಇಟ್ಟು ನೋಡಿ, ಅದೇ ನಿಮ್ಮ ನಂಬರ್. ಟೆಟ್ರಾ, ಗಪ್ಪಿ, ಬೆಟ್ಟಾ ತರದ ಮೀನಿಗೆ ನೀರು 25-26 ಡಿಗ್ರಿ ಇದ್ರೆ ಆರಾಮ. ಗೋಲ್ಡ್‌ಫಿಶ್ ತಣ್ಣೀರಿನ ಮೀನು, ಅದಕ್ಕೆ ಹೀಟರ್ ಬೇಡ್ವೇ ಬೇಡ. ಮಂಗಳೂರು, ಉಡುಪಿ ಕಡೆಯೋರಿಗೂ ಸಾಮಾನ್ಯವಾಗಿ ದುಡ್ಡು ಉಳೀತು, ಮಡಿಕೇರಿಯೋರು ಮಾತ್ರ ಮುಂದೆ ಓದಿ.

ರೂಮಿನ ಟೆಂಪರೇಚರ್‌ಗೂ ಮೀನಿಗೆ ಬೇಕಾದ ನೀರಿನ ಟೆಂಪರೇಚರ್‌ಗೂ ವ್ಯತ್ಯಾಸ ಐದು ಡಿಗ್ರಿ ಒಳಗಿದ್ರೆ ಲೀಟರ್‌ಗೆ ಒಂದು ವಾಟ್ ಧಾರಾಳ ಸಾಕು. ಹತ್ತರ ಹತ್ರ ಇದ್ರೆ ಒಂದೂವರೆಯಿಂದ ಎರಡು. ಅಂದ್ರೆ ನಮ್ಮ 45 ಲೀಟರ್‌ಗೆ ಬೆಂಗಳೂರಲ್ಲಿ 50 ವಾಟ್, ಮಡಿಕೇರಿ ಚಳಿಗೆ 75 ಇಲ್ಲಾ 100. ಮೇಲೆ ಗಾಜಿನ ಮುಚ್ಚಳ ಹಾಕಿದ್ರೆ ಇನ್ನೂ ಕಮ್ಮೀಲೇ ಆಗುತ್ತೆ, ತೆರೆದ ನೀರಿಂದಾನೇ ಶಾಖ ಜಾಸ್ತಿ ಹೋಗೋದು.

ಈಗ 300 ವಾಟ್ ಕಥೆ. ನೀರು ಬೇಕಾದಷ್ಟು ಬಿಸಿಯಾದ ಮೇಲೆ ಹೀಟರ್ ಆಫ್ ಮಾಡೋಕೆ ಒಳಗೊಂದು ಥರ್ಮೋಸ್ಟಾಟ್ ಇರುತ್ತೆ, ಅದು ಒಂದಲ್ಲ ಒಂದಿನ ಕೈಕೊಡುತ್ತೆ, ಕೆಲವು ಸಲ ಆಫ್ ಆಗದೆ ಆನ್‌ನಲ್ಲೇ ಅಂಟ್ಕೊಂಡುಬಿಡುತ್ತೆ. ನಂದು ರಾತ್ರಿ ಅಂಟ್ಕೊಂಡಿತ್ತು. ಬೆಳಿಗ್ಗೆ ಕೈ ಹಾಕಿದ್ರೆ ಸ್ನಾನದ ನೀರಿನ ಹಾಗೆ ಬೆಚ್ಚಗೆ, ಕೆಂಪು ಲೈಟ್ ಇನ್ನೂ ಉರೀತಾನೇ ಇದೆ, ಎಂಟು ನಿಯಾನ್ ಟೆಟ್ರಾನೂ ಮೇಲೆ ತೇಲ್ತಿದ್ವು. ಆಮೇಲೆ ಕೂತು ಲೆಕ್ಕ ಹಾಕ್ದೆ, 45 ಲೀಟರ್ ನೀರನ್ನ 300 ವಾಟ್ ಹತ್ತು ಹನ್ನೊಂದು ನಿಮಿಷಕ್ಕೆ ಒಂದು ಡಿಗ್ರಿ ಏರಿಸುತ್ತೆ. 50 ವಾಟ್‌ಗೆ ಅದೇ ಒಂದು ಡಿಗ್ರಿಗೆ ಒಂದು ಗಂಟೆ ಮೇಲೆ ಬೇಕು, ಅದೂ ನೀರು ಬಿಸಿಯಾದಷ್ಟೂ ಶಾಖ ಹೊರಗೆ ಸೋರಿಹೋಗೋದೂ ಜಾಸ್ತಿಯಾಗಿ ಎಲ್ಲೋ ಒಂದು ಕಡೆ ನಿಂತ್ಬಿಡುತ್ತೆ. ಅಷ್ಟರಲ್ಲಿ ನೀವು ನೋಡಿ ಪ್ಲಗ್ ಕಿತ್ತಿರ್ತೀರ.

ಅದಕ್ಕೇ ನಾಲ್ಕಡಿ ಟ್ಯಾಂಕ್ ಇರೋರು 200 ವಾಟಿಂದು ಒಂದು ಹಾಕೋ ಬದಲು 100ರ ಎರಡು ತಗೊಂಡು ಆ ಕಡೆ ಒಂದು ಈ ಕಡೆ ಒಂದು ಹಾಕಿ. ಒಂದು ಸತ್ತರೆ ಇನ್ನೊಂದು ಕೈ ಹಿಡಿಯುತ್ತೆ, ಒಂದು ಅಂಟ್ಕೊಂಡ್ರೂ ಮೀನು ಬೇಯೋಷ್ಟು ಶಕ್ತಿ ಅದಕ್ಕಿರಲ್ಲ.

ಸೈಜ್ ಸರಿಯಿದ್ದೂ ನೀರು ಬಿಸಿಯಾಗ್ತಿಲ್ಲ ಅಂದ್ರೆ ಇಟ್ಟಿರೋ ಜಾಗ ನೋಡಿ. ಫಿಲ್ಟರ್ ನೀರು ಬೀಳೋ ಹತ್ರ ಇರ್ಬೇಕು, ಇಲ್ಲಾಂದ್ರೆ ತನ್ನ ಸುತ್ತಲಿನ ನೀರು ಮಾತ್ರ ಕಾಯಿಸ್ಕೊಂಡು ಆಫ್ ಆಗ್ಬಿಡುತ್ತೆ. ಥರ್ಮಾಮೀಟರ್ ಎದುರು ಮೂಲೇಲಿ ಅಂಟಿಸಿ, ಹೀಟರ್ ಡಯಲ್ ಮೇಲಿರೋ ನಂಬರ್ ಒಂದೆರಡು ಡಿಗ್ರಿ ಆಚೀಚೆ ಇರೋದು ಮಾಮೂಲು.

ಇನ್ನೊಂದು, ನೀರು ಬದಲಾಯಿಸೋ ಮುಂಚೆ ಪ್ಲಗ್ ತೆಗೆದು ಇಪ್ಪತ್ತು ನಿಮಿಷ ಬಿಡಿ. ಬಿಸಿ ಗಾಜು ಹೊರಗೆ ಗಾಳಿಗೆ ಬಂದು, ಮೇಲೆ ತಣ್ಣೀರು ಬಿದ್ರೆ ಟಪ್ ಅಂತ ಸೀಳುತ್ತೆ.